ನೋಡ್ಕೊಂಡು ಬರೆದವಳು

ಸೀನರಿ ಎನ್ನುವ ಪದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಶಾಲೆಗೆ ಬೇಕಾದರೂ ಹೋಗಿ, ಯಾವ ಮಗುವಿನ ಕೈಗೆ ಬೇಕಾದರೂ ಪೆನ್ಸಿಲ್ ಕೊಟ್ಟು, ಒಂದು ಚಿತ್ರ ಬರಿ ಎನ್ನಿ. ಸಮೋಸದ ಹಾಗೆ ಎರಡು ಬೆಟ್ಟ. ನಡುವೆ ಕಿರಣ ಬಿಟ್ಟುಕೊಂಡು ಹುಟ್ಟುವ ಸೂರ್ಯ. ಆ ಸಂದಿಯಿಂದಲೇ ಇಳಿದು ಬರುವ ಹೊಳೆ, ಹೊಳೆಯಲ್ಲಿ ಬಾತುಕೋಳಿ. ದಡದಲ್ಲಿ ಹೊಗೆಗೂಡು ಇರುವ ಗುಡಿಸಲು, ಅದಕ್ಕಂಟಿಕೊಂಡ ತೆಂಗಿನಮರ, ಮೇಲೆ ಹಕ್ಕಿಗಳೆಂಬ ಹೆಸರಿನ ನಾಲ್ಕು ಗೀಟು. ಅಪ್ಪ ಬರೆದದ್ದೂ ಇದೇ, ಈಗ ಮಗಳು ಬರೆಯುವುದೂ ಇದೇ.

ಪಾಂಡವಪುರದ ಅಂಚಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರು. ನಮ್ಮ ಒಂಬತ್ತನೇ ಕ್ಲಾಸಿನ ಕಿಟಕಿಯಿಂದ ಕುಂತಿಬೆಟ್ಟ ಕಾಣುತ್ತದೆ. ಎರಡು ಬೆಟ್ಟ ಇರುವುದೇನೋ ನಿಜ, ಅದೇ ನನ್ನ ಹೊಟ್ಟೆ ಇನ್ನಷ್ಟು ಉರಿಸುವುದು. ಬೋಳು ಬಂಡೆ, ಬಂಡೆಯ ಮೇಲೆ ಬಂಡೆ, ಸಂದಿಗೊಂದಿಯಲ್ಲಿ ಕುರುಚಲು. ಮಳೆ ಬಂದ ಮಾರನೇ ದಿನ ಬಂಡೆಯ ಮೇಲೆ ನೀರು ಹರಿದ ಕಪ್ಪು ಕಲೆ ಎದ್ದು ಕಾಣುತ್ತದೆ. ಅಂಥ ಬೆಟ್ಟಕ್ಕೆ ಬೆನ್ನು ಹಾಕಿ ಕೂತು ಮಕ್ಕಳು ಸಮೋಸ ಬರೆಯುತ್ತಿದ್ದವು.

ಡ್ರಾಯಿಂಗ್ ಮೇಷ್ಟ್ರು ರಿಟೈರ್ ಆದ ಮೇಲೆ ಆ ಹುದ್ದೆಗೆ ಯಾರನ್ನೂ ಹಾಕಲಿಲ್ಲ. ಲೆಕ್ಕದ ಹುದ್ದೆ ಖಾಲಿಯಾದರೆ ಊರಿನವರು ಬಂದು ಗಲಾಟೆ ಮಾಡುತ್ತಾರೆ, ಡ್ರಾಯಿಂಗ್‌ಗೆ ಯಾರು ಮಾಡುತ್ತಾರೆ? ಹೆಡ್‌ಮಾಸ್ಟರು ಒಂದು ದಿನ ಟೈಮ್‌ಟೇಬಲ್ ಹಿಡಿದುಕೊಂಡು ಬಂದು, "ಮೇಡಂ, ಆ ಪೀರಿಯಡ್ಡೂ ನೀವೇ ತಗೊಂಬುಡಿ. ಕನ್ನಡದಲ್ಲೂ ಬರೆಯೋದು, ಡ್ರಾಯಿಂಗ್‌ನಲ್ಲೂ ಬರೆಯೋದು, ಎಲ್ಲಾ ಒಂದೇ ಅಲ್ವ್ರಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ 'ಬರೆಯೋದು' ಎಂಬ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ.

ನಮ್ಮದು ಶ್ರೀರಂಗಪಟ್ಟಣ. ಅಪ್ಪ ದೇವಸ್ಥಾನದಲ್ಲಿ ಪರಿಚಾರಕರು, ಅಡುಗೆಮನೆಗೆ ನೀರು ಹೊರುವುದು, ಪಾತ್ರೆ ಹೊಂದಿಸುವುದು ಅವರ ಕೆಲಸ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಲ್ಲಿನ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಕೊಡ ಬರೆದು, ಇದನ್ನೇ ಮನೆಯಲ್ಲಿ ನೀಟಾಗಿ ಬರೆದುಕೊಂಡು ಬನ್ನಿ ಅಂದರು. ಎಡಕ್ಕೆ ಬಲಕ್ಕೆ ಒಂದೇ ಅಳತೆ, ಮದುವೆ ಕಾರ್ಡಿನ ಮೇಲಿನ ಕಳಸದ ಹಾಗಿತ್ತು ಆ ಕೊಡ. ಮನೆಗೆ ಬಂದರೆ ನಮ್ಮ ಹಿತ್ತಾಳೆ ಕೊಡ ಬಚ್ಚಲ ಹತ್ತಿರ ಕೂತಿತ್ತು. ಅದರ ಹೊಟ್ಟೆ ಒಂದು ಕಡೆ ನೆಗ್ಗಿತ್ತು. ಅಮ್ಮ ಸೊಂಟಕ್ಕೆ ಇಟ್ಟುಕೊಳ್ಳುವುದು ಆ ನೆಗ್ಗಿದ ಕಡೆಯೇ, ಸರಿಯಾಗಿ ಕೂರುತ್ತದೆ ಎಂದು. ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ನೋಡಿ ನೋಡಿ, ನೆಗ್ಗಿನ ಸಮೇತ ಬರೆದೆ. ಬಾಯಿಯನ್ನು ದುಂಡಗೆ ಬರೆದರೆ ಸರಿ ಕಾಣಲಿಲ್ಲ. ಅಳಿಸಿ, ಮೊಟ್ಟೆಯ ಹಾಗೆ ಬರೆದರೆ ಸರಿ ಕಂಡಿತು. ಅದನ್ನು ಕಂಡುಹಿಡಿದ ಖುಷಿಗೆ ನಾನು ಅವತ್ತು ಊಟ ಮಾಡುವಾಗಲೂ ತಟ್ಟೆಯ ಅಂಚನ್ನೇ ನೋಡುತ್ತಿದ್ದೆ.

ಮಾರನೇ ದಿನ ಮೇಷ್ಟ್ರು ನನ್ನ ಪುಸ್ತಕ ಎತ್ತಿ ಹಿಡಿದು ಕೇಳಿದರು. "ಬೋರ್ಡ್ ಮೇಲೆ ಹಾಕಿದ್ದು ಇಂಗಿತ್ತೇನೆ?"

"ಇಲ್ಲ ಸಾರ್. ನಮ್ಮನೆ ಕೊಡ ನೋಡ್ಕೊಂಡು ಬರೆದೆ."

ಹೆಮ್ಮೆಯಿಂದ ಹೇಳಿದ್ದೆ. ಅವರ ಮುಖ ಕೆಂಪಾಯಿತು. "ನೋಡ್ಕೊಂಡ್ ಬರ್ದಿದ್ದಲ್ದೆ ಬಾಯ್ಬುಟ್ಟು ಬೇರೆ ಹೇಳ್ತೀಯಾ? ಹಿಡಿ ಕೈ!" ಮರದ ಸ್ಕೇಲಿನ ಅಂಚಿನಿಂದ ಹೊಡೆದರು. ಕ್ಲಾಸೆಲ್ಲ ನಕ್ಕಿತು. 'ನೋಡ್ಕೊಂಡು ಬರೆಯೋದು' ಎಂದರೆ ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಅರ್ಥ, ಪರೀಕ್ಷೆಯಲ್ಲಿ ಪಕ್ಕದವರ ಹಾಳೆ ನೋಡಿ ಕಾಪಿ ಹೊಡೆಯುವುದು. ಅವರ ಬೋರ್ಡು ನೋಡಿ ಬರೆದರೆ ಅದು ಪಾಠ, ನಮ್ಮನೆ ಕೊಡ ನೋಡಿ ಬರೆದರೆ ಕಳ್ಳತನ. ಇದರಲ್ಲಿ ಎಲ್ಲೋ ತಪ್ಪಿದೆ ಎಂದು ಆಗಲೇ ಗೊತ್ತಿತ್ತು. ಅವತ್ತಿನಿಂದ ನಾನು ಚಿತ್ರ ಬಿಟ್ಟೆ. ರಂಗೋಲಿ ಬಿಟ್ಟು ಇನ್ನೇನನ್ನೂ ಬರೆಯಲಿಲ್ಲ. ಓದು, ಮದುವೆ, ಮಗು ಎಲ್ಲ ಆಗಿ ಕೆಲಸ ಸಿಗುವವರೆಗೆ ಬಿಟ್ಟಿದ್ದೆ. ಆ ಮೇಷ್ಟ್ರ ಮೇಲೆ ನನಗಿರುವ ಕೋಪಕ್ಕೆ ಕ್ಷಮೆ ಗಿಮೆ ಇಲ್ಲ, ಯಾರೂ ಕೇಳುವುದೂ ಬೇಡ.

ಮತ್ತೆ ಪೆನ್ಸಿಲ್ ಹಿಡಿದದ್ದು ಬಸ್ಸಿನ ಮೇಲಿನ ಸಿಟ್ಟಿಗೆ. ಮೊದಲ ಪೋಸ್ಟಿಂಗ್ ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯಲ್ಲಿ. ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸಿಗಾಗಿ ಕಾದು ಕಾದು ತಲೆ ಕೆಟ್ಟು, ಒಂದು ದಿನ ಹಾಳೆ ತೆಗೆದು ಎದುರಿಗೆ ಕೂತಿದ್ದ ಅಜ್ಜಿಯನ್ನು ಬರೆಯಲು ಶುರುಮಾಡಿದೆ. ಅಜ್ಜಿ ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ, "ಏನವ್ವ ಬರ್ಕತಿದ್ದೀಯೆ?" ಎಂದರು.

"ನಿಮ್ಮನ್ನೇ ಅಜ್ಜಿ."

"ಬರ್ಕೊ ಬರ್ಕೊ. ಗಂಡ ಸತ್ತು ವರ್ಸಾಯ್ತು, ಪಿಂಚಣಿ ಇನ್ನೂ ಬಂದಿಲ್ಲ ಅಂತ್ಲೂ ಬರ್ಕೊ."

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಗಂಡಸು ಎದ್ದು ಬಂದ. ರೇಷನ್ ಕಾರ್ಡಿನಲ್ಲಿ ಅವನ ಹೆಂಡತಿಯ ಹೆಸರು ಬಿಟ್ಟುಹೋಗಿತ್ತಂತೆ, ಅದನ್ನೂ ಬರ್ಕೊಳಿ ಅಂದ. ಇನ್ನೊಬ್ಬಾಕೆ ಆಧಾರ್ ಕಾರ್ಡನ್ನೇ ಕೈಗೆ ತುರುಕಿದಳು. ಹೆಂಗಸೊಬ್ಬಳು ಕಾಗದ ಹಿಡಿದು ಜನರ ಮುಖ ನೋಡುತ್ತ ಬರೆಯುತ್ತಿದ್ದಾಳೆ ಎಂದರೆ ಸರ್ಕಾರದ ಸರ್ವೆ ಅಲ್ಲದೆ ಇನ್ನೇನಿದ್ದೀತು? ನಾನು ಹಾಳೆ ತಿರುಗಿಸಿ ತೋರಿಸಿದೆ. ಅಜ್ಜಿಗೆ ರೇಗಿಹೋಯಿತು. "ಥೂ, ನಾನು ಪಿಂಚಣಿಗೆ ಅಂದ್ಕಂಡ್ರೆ ಮೂತಿ ಬರ್ದವ್ಳೆ ಕಣ್ರಪ್ಪ! ಅದೂ ನನ್ ಮೂಗು ಇಂಗದ?"

ಮೂಗು ಹಂಗಿರಲಿಲ್ಲ. ಅಜ್ಜಿಯ ಮೂಗು ಮೂಗುಬೊಟ್ಟಿನ ಭಾರಕ್ಕೆ ಒಂದು ಕಡೆ ಇಳಿದಿತ್ತು. ನಾನು ಬರೆದದ್ದು ನೆಟ್ಟಗಿನ ಒಂದು ಮೂಗು, ಕ್ಯಾಲೆಂಡರಿನ ಲಕ್ಷ್ಮಿಯದು. ಎದುರಿಗೆ ಕೂತು ಅಷ್ಟು ಹೊತ್ತು ನೋಡಿದೆ ಅಂದುಕೊಂಡಿದ್ದೆನಲ್ಲ, ನೋಡಿಯೇ ಇರಲಿಲ್ಲ. ಸ್ಕೇಲಿನಲ್ಲಿ ಹೊಡೆಸಿಕೊಂಡ ನನ್ನ ತಲೆಯೊಳಗೂ ಸೀನರಿ ಸೇರಿಕೊಂಡಿತ್ತು. ಬಸ್ಸಿನಲ್ಲಿ ಕೂತು ನನ್ನ ಮೇಲೆ ನಾನೇ ಹಲ್ಲು ಕಡಿದೆ.

ಅದಾದ ಮೇಲೆ ಹಟ ಬಂತು. ದಿನಾ ಕಾಯುವ ಹೊತ್ತಿನಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದೆ. ಮೊದಮೊದಲು ಎಷ್ಟು ಕೆಟ್ಟದಾಗಿ ಬಂತೆಂದರೆ, ಹಸು ಎಂದು ಬರೆದದ್ದನ್ನು ನನ್ನ ಮಗಳು ಮಂಚ ಎಂದಳು. ತಲೆಯಿಂದ ಬರೆದಿದ್ದರೆ ಚೆಂದದ ಹಸು ಬರುತ್ತಿತ್ತು. ನೋಡಿ ಬರೆಯಲು ಹೊರಟಾಗ ಇದ್ದ ಚೆಂದವೂ ಕೆಟ್ಟುಹೋಗುತ್ತದೆ, ಯಾರೂ ಮೊದಲೇ ಹೇಳುವುದಿಲ್ಲ ಈ ಮಾತನ್ನು. ಆಮೇಲೆ ನಿಧಾನಕ್ಕೆ ಬುದ್ಧಿ ಬಂತು. ಕಾಗದಕ್ಕಿಂತ ಎದುರಿನ ವಸ್ತುವಿನ ಮೇಲೆ ಕಣ್ಣು ಹೆಚ್ಚು ಹೊತ್ತು ಇರಬೇಕು. ಹಸುವಿನ ಕಾಲು ಬರೆಯಲು ಬಾರದಿದ್ದರೆ ಎರಡು ಕಾಲಿನ ನಡುವಿನ ಖಾಲಿ ಜಾಗವನ್ನು ಬರೆಯಬೇಕು, ಕಾಲು ತಾನೇ ಬರುತ್ತದೆ. ಹೇಮಗಿರಿಯ ದನಗಳ ಜಾತ್ರೆಗೆ ಹೋಗಿ ಒಂದು ಜೋಡಿ ಎತ್ತಿನ ಮುಂದೆ ಕೂತೆ. ಒಡೆಯ ಬಂದು ಅಡ್ಡ ನಿಂತ. "ನೋಡಿದ್ ಸಾಕು ಏಳವ್ವ, ದೃಷ್ಟಿ ಆಯ್ತದೆ" ಎಂದು ಎತ್ತಿನ ಮೈ ಮೇಲೆ ಚೀಲ ಎಳೆದ. ಶಾಲೆಯಲ್ಲಿ ನೋಡಿದರೆ ಕಾಪಿ, ಬಸ್‌ಸ್ಟಾಂಡಿನಲ್ಲಿ ನೋಡಿದರೆ ಸರ್ವೆ, ಇಲ್ಲಿ ನೋಡಿದರೆ ದೃಷ್ಟಿ. ಹೆಂಗಸು ಒಂದು ವಸ್ತುವನ್ನು ಸುಮ್ಮನೆ ನೋಡುವುದಕ್ಕೆ ಈ ಸೀಮೆಯಲ್ಲಿ ಜಾಗವೇ ಇಲ್ಲವೇನೋ ಅನ್ನಿಸಿತು. ಎದ್ದು ಹೋಗಲಿಲ್ಲ. ಎತ್ತಿನ ಮೇಲಿನ ಚೀಲವನ್ನೇ ಬರೆದುಕೊಂಡು ಬಂದೆ.

ಇಷ್ಟೆಲ್ಲ ಆಗಿ, ಪಾಂಡವಪುರಕ್ಕೆ ವರ್ಗವಾದ ಮೇಲೆ ನನ್ನ ಕೈಗೆ ಒಂಬತ್ತನೇ ಕ್ಲಾಸಿನ ಡ್ರಾಯಿಂಗ್ ಪೀರಿಯಡ್ಡು ಬಂದದ್ದು. ಸೀನರಿ ಬರೆದವರಿಗೆ ಸೊನ್ನೆ ಎಂದು ಮೊದಲ ದಿನವೇ ಹೇಳಿದೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ನಲ್ಲಿ ಬರೆಸಿದೆ, ಸೈಕಲ್ ಬರೆಸಿದೆ, ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರಾಕ್ಟರು ರಸ್ತೆಯಲ್ಲಿ ಕೆಟ್ಟು ನಿಂತಾಗ ಇಡೀ ಕ್ಲಾಸನ್ನು ಅದರ ಹಿಂದೆ ಕೂರಿಸಿದೆ. ಹಿಂದಿನಿಂದ ಟ್ರಾಕ್ಟರು ಕಾಣುವುದೇ ಇಲ್ಲ, ಬರೀ ಕಬ್ಬಿನ ಕೊನೆಗಳು. "ಟ್ರಾಕ್ಟರೆಲ್ಲಿ ಮಿಸ್?" ಎಂದು ಹುಡುಗರು ಜಗಳಕ್ಕೆ ಬಂದರು. ಕಾಣದಿದ್ದರೆ ಬರೆಯಬೇಡಿ ಎಂದೆ.

ಆ ಕ್ಲಾಸಿನಲ್ಲಿ ಒಬ್ಬಳಿದ್ದಳು. ಲಾರಿ ಓಡಿಸುವವರ ಮಗಳು, ಮುಸಲ್ಮಾನರ ಮನೆಯ ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕಬ್ಬಿನ ಕೊನೆಗಳನ್ನು ಅವಳು ಒಂದೊಂದಾಗಿ ಬರೆದಿದ್ದಳು. ಒಂದು ದಪ್ಪ, ಒಂದು ಸಣ್ಣ, ಒಂದು ಸೀಳಿದ್ದು, ಒಂದಕ್ಕೆ ಒಣ ಗರಿಯ ರವುದೆ ಅಂಟಿಕೊಂಡಿದ್ದು. ನನ್ನ ಏಳನೇ ಕ್ಲಾಸಿನ ಕೊಡಕ್ಕಿಂತ ಚೆನ್ನಾಗಿತ್ತು.

ಒಂದು ತಿಂಗಳಿಗೆ ಅವಳ ಅಮ್ಮ ಶಾಲೆಗೆ ಬಂದರು. ಜಗಳಕ್ಕೆ ಬಂದವರಲ್ಲ, ನಿಜವಾದ ಚಿಂತೆಯಲ್ಲಿದ್ದರು. "ಮಿಸ್, ಮೊದ್ಲು ಗುಲಾಬಿ, ನವಿಲು, ಎಲ್ಲಾ ಬರೀತಿದ್ಲು. ಈಗ ಅವ್ರಪ್ಪನ್ ಚಪ್ಲಿ ಬರೀತಾಳೆ. ತೊಳೀದಿರೋ ಪಾತ್ರೆ ಬರೀತಾಳೆ. ಯಾ ಅಲ್ಲಾ, ಚಪ್ಲಿ ಯಾರಾದ್ರೂ ಬರೀತಾರಾ?"

"ಚಪ್ಪಲಿ ಹೇಗೆ ಬರೆದಿದ್ದಾಳೆ ನೋಡಿದ್ದೀರಾ?"

"ನೋಡ್ದೆ. ಹಿಮ್ಮಡಿ ಹತ್ರ ಸವ್ದೋಗಿರೋದು ಅಂಗೇ ಅದೆ. ಅದ್ಕೇ ನಾಚ್ಕೆ ಆಯ್ತದೆ ಮಿಸ್. ಯಾರಾದ್ರೂ ನೋಡಿದ್ರೆ?" ಎಂದು ಸೆರಗು ಸರಿಮಾಡಿಕೊಂಡರು. ಆಮೇಲೆ ಕಡ್ಡಿ ಮುರಿದಂತೆ ಹೇಳಿದರು. ನಾಗಮಂಗಲದಲ್ಲಿ ಸುತ್ತಿನ ತಾಲ್ಲೂಕುಗಳ ಶಾಲೆಗಳಿಗೆ ಚಿತ್ರಕಲಾ ಸ್ಪರ್ಧೆ ಇದೆಯಂತೆ, ಹೋಗಲಿ. ಬಹುಮಾನ ಬಂದರೆ ಬರೆದುಕೊಳ್ಳಲಿ. ಬರದಿದ್ದರೆ ಪೆನ್ಸಿಲ್ಲು, ಹಾಳೆ ಎಲ್ಲ ಒಳಗಿಟ್ಟು ಓದಲಿ, ಮುಂದಿನ ವರ್ಷ ಹತ್ತನೇ ಕ್ಲಾಸು. ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ನಾನು ಒಪ್ಪಿಕೊಂಡೆ, ಅವಳಿಗೆ ಬಹುಮಾನ ಬರದೆ ಇನ್ನು ಯಾರಿಗೆ ಬರುತ್ತದೆ ಎಂಬ ಧೈರ್ಯದಿಂದ.

ಸ್ಪರ್ಧೆ ನಡೆದದ್ದು ಒಂದು ಸಮುದಾಯ ಭವನದಲ್ಲಿ. ಬಾಗಿಲಲ್ಲಿ ದೊಡ್ಡ ಫ್ಲೆಕ್ಸು, ಅದರ ತುಂಬ ಸ್ಪರ್ಧೆ ನಡೆಸುವವರ ಮುಖಗಳು, ಎಲ್ಲರಿಗೂ ಒಂದೇ ಬಣ್ಣದ ಕೆನ್ನೆ. ವಿಷಯ 'ನಿಸರ್ಗ'. ಎದೆಗೆ ಬ್ಯಾಡ್ಜು ಚುಚ್ಚಿಕೊಂಡ ಯುವಕನೊಬ್ಬ ಮೈಕಿನಲ್ಲಿ ಕೂಗಿದ. "ಯಾರೂ ನೋಡ್ಕೊಂಡು ಬರೆಯಂಗಿಲ್ಲ. ಮೊಬೈಲು, ಪುಸ್ತಕ ಎಲ್ಲಾ ಈಚೆ ಮಡಗಿ." ಅದನ್ನು ಕೇಳಿದಾಗಲೇ ನನ್ನ ಕೈಬೆರಳು ಚುರುಗುಟ್ಟಬೇಕಿತ್ತು. ಮೊಬೈಲಿನ ಮಾತು ತಾನೇ ಎಂದು ಸುಮ್ಮನಾದೆ. ಶಿಕ್ಷಕರು ಹೊರಗಿರಬೇಕು ಎಂದು ನಮ್ಮನ್ನೆಲ್ಲ ಬಾಗಿಲಾಚೆ ಕಳಿಸಿದರು.

ನಮ್ಮ ಹುಡುಗಿ ಕಿಟಕಿಯ ಪಕ್ಕ ಕೂತಳು. ಕಿಟಕಿಯಾಚೆ ಒಂದು ಹೊಂಗೆ ಮರ, ಮರದ ಕೆಳಗೆ ಮಧ್ಯಾಹ್ನದ ಊಟಕ್ಕೆ ಒಲೆ ಹೂಡಿದ್ದರು. ಹೊಗೆಗೆ ಕೆಳಗಿನ ಕೊಂಬೆಯ ಎಲೆಗಳು ಬಾಡಿ ಜೋತುಬಿದ್ದಿದ್ದವು, ಮೇಲಿನವು ಹಸಿರಾಗಿಯೇ ಇದ್ದವು. ಅವಳು ಅದನ್ನೇ ಹಿಡಿದಿದ್ದಳು. ನಾನು ವರಾಂಡದ ಕಂಬದ ಹತ್ತಿರದಿಂದ ಇಣುಕಿ ನೋಡುತ್ತಿದ್ದೆ. ಅವಳ ಕತ್ತು ಕಿಟಕಿಗೆ, ಹಾಳೆಗೆ, ಕಿಟಕಿಗೆ, ಹಾಳೆಗೆ. ಉಳಿದ ಮಕ್ಕಳ ಕತ್ತು ಒಮ್ಮೆಯೂ ಮೇಲೇಳಲಿಲ್ಲ. ಸಮೋಸ ಬರೆಯಲು ಕತ್ತು ಎತ್ತುವ ಕೆಲಸವೇ ಇಲ್ಲವಲ್ಲ.

ಬ್ಯಾಡ್ಜಿನ ಯುವಕ ಎರಡು ಸಲ ಅವಳ ಹಿಂದೆ ನಿಂತು ಹೋದ. ಮೂರನೇ ಸಲ ತೀರ್ಪುಗಾರರನ್ನೇ ಕರೆತಂದ. "ಸಾರ್, ಈ ಹುಡ್ಗಿ ಆಗ್ಲಿಂದ ಕಿಟಕಿ ನೋಡ್ಕೊಂಡು ಬರೀತಾವ್ಳೆ." ತೀರ್ಪುಗಾರರು ಹಾಳೆ ಎತ್ತಿ ನೋಡಿದರು, ಕಿಟಕಿಯಾಚೆ ನೋಡಿದರು, ಮತ್ತೆ ಹಾಳೆ ನೋಡಿದರು. "ಥೇಟ್ ಅಂಗೇ ಅದಲ್ಲಯ್ಯ!" ಎಂದರು. ಸಾಕ್ಷಿ ಸಿಕ್ಕಿಬಿಟ್ಟಿತು. ಎಷ್ಟು ಚೆನ್ನಾಗಿ ಬರೆದಿದ್ದಳೋ ಅಷ್ಟು ದೊಡ್ಡ ಅಪರಾಧ. ಹಾಳೆಯನ್ನು ನಡುವಿಗೆ ಹರಿದು ಮೇಜಿನ ಕೆಳಗೆ ಹಾಕಿದರು.

ನಾನು ಒಳಗೆ ನುಗ್ಗಿದೆ. ಚಪ್ಪಲಿ ಬಾಗಿಲಲ್ಲೇ ಉಳಿಯಿತು.

"ಯಾಕ್ರೀ ಹರಿದಿರಿ?"

"ಮೇಡಂ, ರೂಲ್ಸ್ ಅಂದ್ರೆ ರೂಲ್ಸು. ನೋಡ್ಕೊಂಡು ಬರೆಯಂಗಿಲ್ಲ ಅಂತ ಮೊದಲೇ ಹೇಳಿದ್ದೀವಿ."

"ಪಕ್ಕದವರ ಹಾಳೆ ನೋಡಿ ಬರೆದರೆ ಕಾಪಿ. ಅವಳು ಮರ ನೋಡಿ ಬರೆದಿದ್ದಾಳೆ. ಆ ಮರ ಏನು ಪರೀಕ್ಷೆ ಬರೆಯೋಕೆ ಕೂತಿತ್ತೇನ್ರೀ?"

ಯಾರೋ ಮಗು ಕಿಸಕ್ಕೆಂದಿತು. ತೀರ್ಪುಗಾರರಿಗೆ ಅವಮಾನವಾಗಿ ಧ್ವನಿ ಏರಿತು. "ಚಿತ್ರ ಅಂದ್ರೆ ತಲೆಯಿಂದ ಬರ್ಬೇಕು ಮೇಡಂ. ಎದುರಿಗಿರೋದ್ನ ನೋಡ್ಕೊಂಡು ಯಾರ್ ಬೇಕಾದ್ರೂ ಬರೀತಾರೆ. ಅದ್ರಲ್ಲಿ ಏನ್ ಪ್ರತಿಭೆ ಬಂತು?"

"ಯಾರು ಬೇಕಾದರೂ ಬರೀತಾರಾ? ಹಾಗಾದರೆ ನೀವು ಬರೀರಿ. ಇಕೊಳ್ಳಿ ಪೆನ್ಸಿಲ್ಲು, ಅಲ್ಲೇ ಇದೆ ಮರ."

ಅವರು ಪೆನ್ಸಿಲ್ ಮುಟ್ಟಲಿಲ್ಲ. ಬ್ಯಾಡ್ಜಿನವನು ನನ್ನ ಮುಂದೆ ಬಂದು, "ಓಗ್ಲಿ ಬುಡಿ ಮೇಡಂ, ಮಕ್ಕಳ ಮುಂದೆ ಯಾಕೆ? ಎಲ್ಲಾರ್ಗೂ ಸರ್ಟಿಫಿಕೇಟ್ ಕೊಡ್ತೀವಲ್ಲ" ಎಂದು ಸಮಾಧಾನ ಹೇಳಿದ. ಆ ಸಮಾಧಾನ ನನ್ನ ಪಿತ್ತ ಇನ್ನೂ ಮೇಲಕ್ಕೇರಿಸಿತು. ನಾನು ಏನೇನು ಕೂಗಾಡಿದೆನೋ ಪೂರ್ತಿ ನೆನಪಿಲ್ಲ. ಫ್ಲೆಕ್ಸಿನ ಕೆನ್ನೆಗಳ ಬಗ್ಗೆಯೂ ಏನೋ ಅಂದೆ. ಏನೂ ಆಗಲಿಲ್ಲ. ಬಹುಮಾನ ಸೀನರಿಗೇ ಹೋಯಿತು. ಎರಡು ಬೆಟ್ಟ, ನಡುವೆ ಸೂರ್ಯ, ಹೊಳೆಯಲ್ಲಿ ಬಾತುಕೋಳಿ, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೇಜಿನ ಕೆಳಗೆ ಬಗ್ಗಿ ಹರಿದ ಹಾಳೆಯ ಎರಡು ತುಂಡನ್ನೂ ಎತ್ತಿ ಚೀಲಕ್ಕೆ ಹಾಕಿಕೊಂಡೆ. ಹುಡುಗಿ ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಊಟದ ಎಲೆಯ ಮುಂದೆ ಕೂತು ಅನ್ನ ಮುಟ್ಟದೆ ಎದ್ದಳು.

ಪಾಂಡವಪುರದ ಬಸ್ಸಿನಲ್ಲಿ ಇಬ್ಬರೂ ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ ತೆಗೆದುಕೊಂಡು ಕೂತೆವು. ಅವಳು ಕಿಟಕಿಯ ಕಡೆ, ನಾನು ಪಕ್ಕದಲ್ಲಿ. ಕಿಟಕಿಯಾಚೆ ಅವಳು ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡು ಕೂತಿದ್ದಳು. ಅದನ್ನು ಕಂಡು ನನಗೆ ಭಯವಾಯಿತು. ಏಳನೇ ಕ್ಲಾಸಿನಲ್ಲಿ ಏಟು ತಿಂದ ದಿನ ಮನೆಗೆ ನಡೆದುಕೊಂಡು ಬರುವಾಗ ನಾನೂ ಹೀಗೆಯೇ ಕೈ ನೋಡಿಕೊಂಡು ಬಂದಿದ್ದೆ. ಬಚ್ಚಲ ಹತ್ತಿರ ಕೊಡ ಅಲ್ಲೇ ಇತ್ತು, ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಅಷ್ಟೇ ಸಾಕಾಗುತ್ತದೆ, ಅರ್ಧ ಆಯುಷ್ಯ ಕಳೆದುಹೋಗುತ್ತದೆ.

ಭಯಕ್ಕೆ ನನ್ನ ಬಾಯಿ ನಿಲ್ಲಲಿಲ್ಲ. ತೀರ್ಪುಗಾರರನ್ನು ಬೈದೆ, ಬ್ಯಾಡ್ಜಿನವನನ್ನು ಬೈದೆ, ಹುದ್ದೆ ತುಂಬದ ಸರ್ಕಾರವನ್ನು ಬೈದೆ, ಹಳೆಯ ಮೇಷ್ಟ್ರನ್ನೂ ಎಳೆದು ತಂದು ಬೈದೆ. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು. ಪಾಂಡವಪುರದ ಬಸ್‌ಸ್ಟಾಂಡಿನಲ್ಲಿ ಅವಳ ಅಮ್ಮ ಕಾಯುತ್ತಿರುತ್ತಾರೆ, ಬಹುಮಾನ ಬಂತಾ ಎಂದು ಕೇಳುತ್ತಾರೆ, ಇಲ್ಲ ಎಂದರೆ ಪೆನ್ಸಿಲ್ಲು ಒಳಗೆ ಹೋಗುತ್ತದೆ, ಏನು ಹೇಳಲಿ ಎನ್ನುವುದು ಒಳಗೊಳಗೇ ಕೊರೆಯುತ್ತಿತ್ತು.

ಜಕ್ಕನಹಳ್ಳಿ ದಾಟಿದ ಮೇಲೆ ಅವಳು ಮೊದಲ ಸಲ ಬಾಯಿ ಬಿಟ್ಟಳು. "ಮಿಸ್, ಆ ಹಾಳೆ ಕೊಡ್ತೀರಾ?"

ಕಿಟಕಿಯಿಂದ ಎಸೆಯುತ್ತಾಳೆ ಅಂದುಕೊಂಡೆ. ಅವಳದ್ದು, ಎಸೆಯಲಿ ಎಂದು ಒಂದು ತುಂಡು ಕೊಟ್ಟು ಆಚೆ ಮುಖ ತಿರುಗಿಸಿಕೊಂಡು ಬೈಗುಳ ಮುಂದುವರಿಸಿದೆ. ಎಷ್ಟೋ ಹೊತ್ತು ಬೈದೆ. ಎಲ್ಲರನ್ನೂ ಬೈದು ಮುಗಿಸಿ, ಸುಸ್ತಾಗಿ, ಮುಖ ಸಡಿಲ ಬಿಟ್ಟು ಸೀಟಿಗೆ ಒರಗಿಕೊಳ್ಳಬೇಕು ಅಂದುಕೊಂಡೆ.

"ಮಿಸ್, ವಸಿ ಅಂಗೇ ಇರಿ."

ತಿರುಗಿ ನೋಡಿದೆ. ಹರಿದ ತುಂಡನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅದರ ಬೆನ್ನಲ್ಲಿ ನಾನಿದ್ದೆ. ಉಬ್ಬಿದ ಮೂಗಿನ ಹೊಳ್ಳೆ, ಕಚ್ಚಿದ ದವಡೆ, ಕತ್ತಿನಲ್ಲಿ ಎದ್ದು ನಿಂತ ನರ, ಬೆವರಿಗೆ ಒಂದು ಕಡೆ ಇಳಿದ ಕುಂಕುಮ. ಯಾವ ಕ್ಯಾಲೆಂಡರಿನ ಮುಖವೂ ಅಲ್ಲ ಅದು. ಅವಳ ಕಣ್ಣು ನನ್ನ ಮುಖಕ್ಕೆ, ಹಾಳೆಗೆ, ಮುಖಕ್ಕೆ.

"ಕ್ವಾಪ ಬುಡಬ್ಯಾಡಿ ಮಿಸ್. ಹುಬ್ಬು ಇನ್ನೂ ಬಾಕಿ ಅದೆ."

ನಾನು ಹುಬ್ಬು ಗಂಟಿಕ್ಕಿಕೊಂಡು ಅಲ್ಲಾಡದೆ ಕೂತೆ. ಬಿಡುವ ಮಾತೇ ಇರಲಿಲ್ಲ. ಬಸ್‌ಸ್ಟಾಂಡಿನಲ್ಲಿ ಅವಳ ಅಮ್ಮನ ಹತ್ತಿರ ಮಾತಾಡುವುದು ಬಾಕಿ ಇತ್ತು, ಆ ಕೋಪ ಅಲ್ಲಿಗೂ ಬೇಕಾಗಿತ್ತು.